ಅರಳುಮರಳೆಂಬ ಮಾತೂ ಮಿದುಳಿನ ಶೋಧನೆಯೂ

ಅರವತ್ತಕ್ಕೆ ಅರಳುಮರಳೆಂಬ ಮಾತು ನಮ್ಮ ನಾಡಿನಲ್ಲಿ ಎಷ್ಟು ಹಳೆಯದೋ ಅಷ್ಟೇ ಅಪಾಯಕರವಾದುದು. ಮನೆಯ ಹಿರಿಯರೊಬ್ಬರು ನಲವತ್ತು ವರ್ಷ ಉತ್ತ ಹೊಲದ ದಾರಿಯನ್ನೇ ಮರೆತು ಕಾಲುವೆಯ ದಂಡೆಯ ಮೇಲೆ ನಿಂತುಬಿಟ್ಟರೆ, ಉಂಡು ಕೈತೊಳೆದ ಕೂಡಲೇ ಊಟ ಬಡಿಸಿಲ್ಲವೆಂದು ಸೊಸೆಯ ಮೇಲೆ ಮುನಿದರೆ, ಹೆತ್ತ ಮಗನನ್ನು ನೋಡಿ ಸತ್ತುಹೋದ ಅಣ್ಣನ ಹೆಸರಿನಿಂದ ಕರೆದರೆ, ಮನೆಯವರು ಈ ಒಂದು ಮಾತನ್ನು ಆಡಿ ಸುಮ್ಮನಾಗುತ್ತಾರೆ. ಮಾತಿನಲ್ಲಿ ಕನಿಕರವಿದೆ, ಒಂದಿಷ್ಟು ವಿನೋದವೂ ಇದೆ, ಇಲ್ಲದಿರುವುದು ವಿಚಾರಣೆ. ಜ್ವರ ಬಂದರೆ ಆಸ್ಪತ್ರೆಗೆ ಒಯ್ಯುವ ಜನ, ಬುದ್ಧಿಗೆ ಮುಪ್ಪು ಬಂದಿತೆಂದು ತಾವೇ ತೀರ್ಪು ಕೊಟ್ಟು ಕದ ಮುಚ್ಚಿಕೊಳ್ಳುತ್ತಾರೆ.

ಈ ತೀರ್ಪು ನಿಜವೇ? ೨೦೨೩ರಲ್ಲಿ ಪ್ರಕಟವಾದ ಅಖಿಲ ಭಾರತ ಸಮೀಕ್ಷೆಯೊಂದು ಅರವತ್ತು ಮೀರಿದ ಭಾರತೀಯರಲ್ಲಿ ನೂರಕ್ಕೆ ೭.೪ ಮಂದಿಗೆ, ಎಂದರೆ ಸುಮಾರು ೮೮ ಲಕ್ಷ ಜನರಿಗೆ, ಬುದ್ಧಿಶಕ್ತಿಯನ್ನು ಕ್ರಮೇಣ ಅಪಹರಿಸುವ ಮರೆವಿನ ರೋಗವಿರುವುದೆಂದು ಗಣಿಸಿತು. ಈ ಅಂಕಿಯನ್ನು ತಿರುಗಿಸಿ ಓದಬೇಕು. ನೂರಕ್ಕೆ ತೊಂಬತ್ತೆರಡಕ್ಕಿಂತ ಹೆಚ್ಚು ಮಂದಿಗೆ ಈ ರೋಗವಿಲ್ಲ. ವಯಸ್ಸೊಂದೇ ಕಾರಣವಾಗಿದ್ದರೆ ಅವರೂ ಮರೆಯಬೇಕಾಗಿದ್ದಿತು. ವಯಸ್ಸು ಏರಿದಂತೆ ಅಪಾಯವೂ ಏರುವುದು ನಿಜ. ಆದರೆ ಅಪಾಯ ಬೇರೆ, ಕಾರಣ ಬೇರೆ. ಅದೇ ಸಮೀಕ್ಷೆ ಮತ್ತೊಂದನ್ನೂ ತೋರಿಸಿತು: ರೋಗದ ಪಾಲು ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ವಾಚಕರು ಈ ವಾಕ್ಯವನ್ನು ಎರಡು ಸಲ ಓದಬೇಕೆಂದು ಪ್ರಾರ್ಥಿಸುತ್ತೇವೆ.

ಅರಳುಮರಳಿನ ಹಿಂದಿರುವ ಕಾರಣಗಳನ್ನು ಹುಡುಕುವುದನ್ನೇ ಜೀವಿತದ ಕಾರ್ಯವಾಗಿ ಮಾಡಿಕೊಂಡ ನಮ್ಮ ದೇಶದ ವಿದ್ವಾಂಸರಲ್ಲಿ ಡಾಕ್ಟರ್ ವಿಜಯಲಕ್ಷ್ಮೀ ರವೀಂದ್ರನಾಥರು ಅಗ್ರಪಂಕ್ತಿಯವರು. ಅವರು ನಾಡಿ ಹಿಡಿದು ಮದ್ದು ಬರೆಯುವ ವೈದ್ಯರಲ್ಲ, ಜೀವರಸಾಯನಶಾಸ್ತ್ರಜ್ಞರು. ಮಿದುಳಿನೊಳಗೆ ನಡೆಯುವ ರಸವ್ಯಾಪಾರದಿಂದ ತೊಡಗಿ, ಮಿದುಳನ್ನು ತೆರೆಯದೆ ನೋಡುವ ಯಂತ್ರಗಳವರೆಗೆ, ಅಲ್ಲಿಂದ ಕೋಲಾರ ಜಿಲ್ಲೆಯ ಹಳ್ಳಿಗಳವರೆಗೆ ಅವರ ಕಾರ್ಯ ಹರಿದುಬಂದಿದೆ. ಅದು ಕೃಷ್ಣಾ-ತುಂಗಭದ್ರೆಗಳ ನಡುವಣ ನಮ್ಮ ಸೀಮೆಗೂ ಹರಿದು ಬರಬೇಕೆಂಬುದು ಈ ಲೇಖನದ ಉದ್ದೇಶ. ಅದಕ್ಕೆ ಮೊದಲು ಆ ಕಾರ್ಯವೇನೆಂಬುದನ್ನು ತಿಳಿಯಬೇಕು.

ಆಂಧ್ರ ವಿಶ್ವವಿದ್ಯಾನಿಲಯದಲ್ಲಿ ಓದಿ, ೧೯೮೧ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಡಾಕ್ಟರ್ ಪದವಿ ಪಡೆದು, ಅಮೆರಿಕೆಯ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಸಂಶೋಧನೆ ನಡೆಸಿದ ಮೇಲೆ ವಿಜಯಲಕ್ಷ್ಮಿಯವರು ೧೯೮೬ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯನ್ನು ಸೇರಿದರು. ೧೮೪೭ರಲ್ಲಿ ಹುಚ್ಚಾಸ್ಪತ್ರೆಯಾಗಿ ಆರಂಭವಾಗಿ, ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯಾಗಿ ಬೆಳೆದು, ೧೯೫೪ರಲ್ಲಿ ಅದರ ಜೊತೆಗೆ ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಕಂಡು, ೧೯೭೪ರಲ್ಲಿ ಎರಡೂ ಒಂದಾದ ಸಂಸ್ಥೆಯದು. ಮನೋವೈದ್ಯರು, ನರರೋಗ ತಜ್ಞರು, ಶಸ್ತ್ರವೈದ್ಯರು, ರಸಾಯನಜ್ಞರು ಒಂದೇ ಆವರಣದಲ್ಲಿ ಕಲೆತು ಕೆಲಸ ಮಾಡುವ ಸ್ಥಳಗಳು ಆಗ ಏಷ್ಯಾಖಂಡದಲ್ಲಿಯೇ ವಿರಳ. ಪ್ರಯೋಗಾಲಯದಿಂದ ರೋಗಿಯ ಹಾಸಿಗೆಗೆ ಕೆಲವೇ ಹೆಜ್ಜೆಗಳ ಅಂತರವಿದ್ದುದು ಈ ಶೋಧಕಿಯ ಚಿಂತನೆಯನ್ನು ರೂಪಿಸಿತೆಂದು ತೋರುತ್ತದೆ.

ಅವರ ಮೊದಲ ಮಹತ್ವದ ಕೆಲಸ ನಮ್ಮ ಕೃಷಿಕರಿಗೆ ನೇರವಾಗಿ ಸಂಬಂಧಿಸಿದ್ದು. ದೇಹಕ್ಕೆ ಹೊರಗಿನಿಂದ ಬಂದ ಮದ್ದನ್ನೂ ವಿಷವನ್ನೂ ಒಡೆದು ಹೊರಹಾಕುವ ಕೆಲಸ ಯಕೃತ್ತಿನದೆಂದೂ, ಅಲ್ಲಿ ಸೈಟೊಕ್ರೋಮ್ ಪಿ-೪೫೦ ಎಂಬ ಕಿಣ್ವಸಮುದಾಯವು ಈ ಕೆಲಸ ಮಾಡುವುದೆಂದೂ ಎಲ್ಲರೂ ಬಲ್ಲರು. ಮಿದುಳೂ ತನ್ನ ಮಟ್ಟಿಗೆ ಈ ಕೆಲಸ ಮಾಡುವುದೇ? ವಿಜಯಲಕ್ಷ್ಮಿಯವರೂ ಅವರ ಸಹೋದ್ಯೋಗಿಗಳೂ, ರೋಗವಿಜ್ಞಾನಿಗಳಾದ ಡಾಕ್ಟರ್ ಎಸ್. ಕೆ. ಶಂಕರರೊಡನೆ ಸೇರಿ, ಮರಣೋತ್ತರ ಪರೀಕ್ಷೆಯಲ್ಲಿ ದೊರೆತ ಮನುಷ್ಯರ ಮಿದುಳುಗಳನ್ನೇ ಪರೀಕ್ಷಿಸಿ, ಅದೇ ಕಿಣ್ವಗಳು ಅಲ್ಲಿಯೂ ಇರುವುದನ್ನು ೧೯೮೯ರಲ್ಲಿ ಪ್ರಕಟಿಸಿದರು. ಇಲಿಯ ಮಿದುಳಿನಲ್ಲಿ ಕಂಡುದು ಮನುಷ್ಯನಲ್ಲಿಯೂ ಇರಬಹುದೆಂದು ಊಹಿಸಿ ಕೈಬಿಡುವುದು ಸುಲಭದ ಹಾದಿ. ಅವರು ಆ ಹಾದಿಯನ್ನು ಹಿಡಿಯಲಿಲ್ಲ. ಇದರ ತಾತ್ಪರ್ಯವಿಷ್ಟು: ನಾವು ನುಂಗಿದ, ಉಸಿರಾಡಿದ, ಚರ್ಮಕ್ಕೆ ತಾಗಿಸಿಕೊಂಡ ವಸ್ತುಗಳಲ್ಲಿ ಮಿದುಳನ್ನು ತಲುಪಿದವು ಅಲ್ಲಿಯೇ ಮಾರ್ಪಾಟು ಹೊಂದಬಲ್ಲವು, ಕೆಲವು ನಿರಪಾಯಕಾರಿಯಾಗಬಲ್ಲವು, ಕೆಲವು ಬಂದಾಗಿದ್ದುದಕ್ಕಿಂತ ಉಗ್ರವಾಗಲೂಬಲ್ಲವು.

ಎರಡನೆಯದು ಗ್ಲುಟಾಥಯೋನ್ ಎಂಬ ವಸ್ತುವಿನ ಕಥೆ. ಮಿದುಳು ದೇಹದ ತೂಕದಲ್ಲಿ ಐವತ್ತರಲ್ಲೊಂದು ಪಾಲು; ಆದರೆ ನಾವು ಸೇವಿಸುವ ಪ್ರಾಣವಾಯುವಿನಲ್ಲಿ ಸುಮಾರು ಐದರಲ್ಲೊಂದು ಪಾಲನ್ನು ಅದೇ ಉರಿಸುತ್ತದೆ. ಉರಿಯುವಲ್ಲಿ ಕಿಡಿ ಹಾರುವುದು ಸಹಜ. ಆ ರಾಸಾಯನಿಕ ಕಿಡಿಗಳನ್ನು ಆರಿಸುವ ತಣ್ಣೀರೇ ಗ್ಲುಟಾಥಯೋನ್. ಮುಪ್ಪಾದ ಇಲಿಗಳ ಮಿದುಳಿನ ಭಾಗಗಳಲ್ಲಿ ಈ ವಸ್ತು ಇಳಿದಿರುವುದನ್ನು ವಿಜಯಲಕ್ಷ್ಮಿಯವರ ತಂಡವು ೧೯೮೯ರಲ್ಲಿಯೇ ತೋರಿಸಿತು. ಅತ್ತ ಕಂಪವಾತದಿಂದ ಸತ್ತವರ ಮಿದುಳಿನಲ್ಲಿ, ಕೈಕಾಲುಗಳ ಚಲನೆಯನ್ನು ಹದದಲ್ಲಿಡುವ ಡೋಪಮೀನ್ ಹುಟ್ಟುವ ಎಡೆಯಲ್ಲಿ, ಗ್ಲುಟಾಥಯೋನ್ ಕುಗ್ಗಿರುವುದನ್ನೂ, ಜೀವಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಮೊದಲ ಘಟ್ಟ ಕೆಟ್ಟಿರುವುದನ್ನೂ ಪಾಶ್ಚಾತ್ಯ ಪಂಡಿತರು ಕಂಡಿದ್ದರು. ಕಿಡಿ ಆರದಿರುವುದಕ್ಕೂ ಒಲೆ ಕೆಡುವುದಕ್ಕೂ ಇರುವ ಸಂಬಂಧವನ್ನು ಬಿಡಿಸುವುದರಲ್ಲಿ ಬೆಂಗಳೂರಿನ ಈ ಪ್ರಯೋಗಾಲಯದ ಪಾತ್ರ ಗಣ್ಯವಾದುದು.

ಈ ಎಳೆಯನ್ನು ಅವರು ಹಿಡಿದು ಜಗ್ಗಿದುದು ಒಂದು ಬೇಳೆಯ ಮೂಲಕ. ಕೇಸರಿ ಬೇಳೆಯ ಹೆಸರನ್ನು ನಮ್ಮ ದಲ್ಲಾಳಿ ಅಂಗಡಿಗಳವರು ಚೆನ್ನಾಗಿ ಬಲ್ಲರು. ತೊಗರಿಬೇಳೆಗೆ ಬೆರಕೆಯಾಗಿ ಅದು ಕುಪ್ರಸಿದ್ಧ. ಬರಗಾಲದಲ್ಲಿ ಬೇರೇನೂ ಬೆಳೆಯದ ಹೊಲದಲ್ಲಿಯೂ ಬೆಳೆಯುವುದರಿಂದ ಮಧ್ಯಪ್ರದೇಶ, ಬಿಹಾರಗಳ ಬಡವರು ಅದನ್ನೇ ತಿಂಗಳುಗಟ್ಟಲೆ ಉಂಡು ಕಾಲು ಸೆಟೆದು ಕೋಲು ಹಿಡಿದರು. ಅದರ ಮಾರಾಟವನ್ನು ೧೯೬೧ರಲ್ಲಿ ನಿಷೇಧಿಸಲಾಯಿತು. ಆ ಬೇಳೆಯ ವಿಷವು ನರಕೋಶವನ್ನು ಅತಿಯಾಗಿ ಉದ್ರೇಕಿಸಿ ಕೊಲ್ಲುವುದೆಂಬುದು ತಿಳಿದಿತ್ತು. ವಿಜಯಲಕ್ಷ್ಮಿಯವರ ತಂಡವು ೧೯೯೮ರಲ್ಲಿ ತೋರಿಸಿದುದೇನೆಂದರೆ, ಕೋಶ ಸಾಯುವುದಕ್ಕೆ ಮುಂಚೆಯೇ ಮೈಟೊಕಾಂಡ್ರಿಯದ ಆ ಮೊದಲ ಘಟ್ಟ ಕುಂಠಿತವಾಗುವುದೆಂಬುದನ್ನು. ಕಂಪವಾತದಲ್ಲಿ ಕೆಡುವ ಘಟ್ಟವೂ ಅದೇ! ಬಡವನ ಬಟ್ಟಲಿನಲ್ಲಿದ್ದ ವಿಷವೂ, ಶ್ರೀಮಂತ ದೇಶಗಳ ವೃದ್ಧರನ್ನು ಕಾಡುವ ರೋಗವೂ ಒಂದೇ ಬಾಗಿಲಿನಿಂದ ಒಳಹೊಗುತ್ತವೆ. ಕೇಸರಿ ಬೇಳೆಯ ರೋಗ ಹೆಂಗಸರಿಗಿಂತ ಗಂಡಸರನ್ನು ಹೆಚ್ಚಾಗಿ ಹಿಡಿಯುವುದೇಕೆಂಬ ಹಳೆಯ ಒಗಟಿಗೂ ಅವರು ಉತ್ತರ ಹುಡುಕಿದರು; ಸ್ತ್ರೀಸಹಜವಾದ ಈಸ್ಟ್ರೊಜನ್ ರಸವು ಗ್ಲುಟಾರೆಡಾಕ್ಸಿನ್ ಎಂಬ ರಕ್ಷಕ ಕಿಣ್ವವನ್ನು ಹೆಚ್ಚಿಸಿ ಹೆಣ್ಣಿಲಿಯ ಮಿದುಳನ್ನು ಕಾಯುವುದೆಂದು ಅವರ ಪ್ರಯೋಗಗಳು ಸೂಚಿಸಿದವು.

೧೯೯೬ರಲ್ಲಿ ಅವರಿಗೆ ವೈದ್ಯಕೀಯ ವಿಭಾಗದ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿಯೂ ೨೦೧೦ರಲ್ಲಿ ಪದ್ಮಶ್ರೀಯೂ ದೊರೆತವು. ಪ್ರಶಸ್ತಿಗಳ ಪಟ್ಟಿಯನ್ನು ಉದ್ದಮಾಡುವುದು ನಮಗೆ ಬೇಕಿಲ್ಲ. ೧೯೯೯ರಲ್ಲಿ ಕೇಂದ್ರ ಸರಕಾರವು ಹರಿಯಾಣದ ಮಾನೇಸರದಲ್ಲಿ ರಾಷ್ಟ್ರೀಯ ಮಿದುಳು ಸಂಶೋಧನ ಕೇಂದ್ರವನ್ನು ಸ್ಥಾಪಿಸಲು ಹೊರಟಾಗ, ಅರಾವಳಿಯ ಬುಡದಲ್ಲಿ ಆ ಸಂಸ್ಥೆಯನ್ನು ನೆಲದಿಂದ ಎಬ್ಬಿಸಿ ನಿಲ್ಲಿಸುವ ಹೊಣೆಯನ್ನು ಅವರು ಹೊತ್ತು, ೨೦೦೯ರವರೆಗೆ ಅದರ ಸ್ಥಾಪಕ ನಿರ್ದೇಶಕರಾಗಿ ನಡೆಸಿದರೆಂಬುದು ಪ್ರಶಸ್ತಿಗಳಿಗಿಂತ ದೊಡ್ಡ ಮಾತು. ಶೋಧಕರು ಆಡಳಿತಕ್ಕಿಳಿದರೆ ಶೋಧನೆ ಬಡವಾಗುವುದು ವಾಡಿಕೆ, ಇಲ್ಲಿ ಹಾಗಾಗಲಿಲ್ಲ.

ಮಾನೇಸರದ ಹೆಸರು ಬಂದುದರಿಂದ ಮಿದುಳಿನ ಚಿತ್ರಗಳ ಮಾತಿಗೆ ಬರುವುದು ಸುಲಭವಾಯಿತು. ಒಂದು ಶತಮಾನದ ಹಿಂದೆ ಬದುಕಿರುವ ಮನುಷ್ಯನ ಮಿದುಳನ್ನು ನೋಡಬೇಕಾದರೆ ಬೆನ್ನುಹುರಿಯ ದ್ರವವನ್ನು ತೆಗೆದು ಅಲ್ಲಿಗೆ ಗಾಳಿ ತುಂಬಿ ಕ್ಷಕಿರಣದ ಚಿತ್ರ ಹಿಡಿಯುತ್ತಿದ್ದರು; ರೋಗಿಗೆ ತಲೆ ಸಿಡಿಯುವ ನೋವು, ವೈದ್ಯನಿಗೆ ಮಸುಕಾದ ನೆರಳು. ೧೯೭೧ರ ಅಕ್ಟೋಬರ್ ೧ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರನು ಕ್ಷಕಿರಣಗಳನ್ನು ಸುತ್ತಲಿನಿಂದಲೂ ಹಾಯಿಸಿ, ಗಣಕಯಂತ್ರದಿಂದ ಲೆಕ್ಕ ಹಾಕಿಸಿ, ತಲೆಯ ಒಳಭಾಗವನ್ನು ಹೋಳುಹೋಳಾಗಿ ತೋರಿಸಿದನು. ೧೯೭೩ರಲ್ಲಿ ಅಮೆರಿಕೆಯ ಲಾಟರ್‌ಬರ್, ಬಲವಾದ ಕಾಂತಕ್ಷೇತ್ರದಲ್ಲಿ ಜಲಜನಕದ ಕೇಂದ್ರಗಳು ಕೊಡುವ ಮಿಡಿತದಿಂದ ಚಿತ್ರ ಬಿಡಿಸುವ ಉಪಾಯವನ್ನು ಪ್ರಕಟಿಸಿದನು. ಇಂದು ನಮ್ಮ ಜಿಲ್ಲಾಕೇಂದ್ರಗಳಲ್ಲಿ ಜನರು ಎಂ.ಆರ್.ಐ. ಎಂದು ಕರೆಯುವ ಯಂತ್ರದ ಮೂಲ ಇದೇ.

ಆದರೆ ಮನೆಯ ಗೋಡೆ ನೆಟ್ಟಗಿದ್ದ ಮಾತ್ರಕ್ಕೆ ಒಳಗೆ ಒಲೆ ಉರಿಯುತ್ತಿದೆಯೆಂದು ಹೇಳಲಾಗುವುದೇ? ಗಾತ್ರ, ಆಕಾರಗಳನ್ನು ತೋರಿಸುವ ಚಿತ್ರಕ್ಕೂ ರಸವ್ಯಾಪಾರವನ್ನು ತೋರಿಸುವ ಚಿತ್ರಕ್ಕೂ ಇರುವ ಭೇದವೇ ಇಂದಿನ ಶೋಧನೆಯ ಜೀವಾಳ. ಅಣುವಿನಲ್ಲಿ ಜಲಜನಕವು ಯಾವ ಎಡೆಯಲ್ಲಿ ಕುಳಿತಿದೆಯೆಂಬುದಕ್ಕೆ ತಕ್ಕಂತೆ ಅದರ ಮಿಡಿತ ಅತ್ಯಲ್ಪವಾಗಿ ಬದಲಾಗುತ್ತದೆ. ಆ ಅಲ್ಪಭೇದವನ್ನು ಎಣಿಸಿ, ಮಿದುಳಿನ ಇಂಥ ಭಾಗದಲ್ಲಿ ಇಂಥ ವಸ್ತು ಇಷ್ಟಿದೆಯೆಂದು ಅದೇ ಕಾಂತಯಂತ್ರದಿಂದ ತಿಳಿಯಬಹುದು. ಮಾನೇಸರದ ಕೇಂದ್ರದಲ್ಲಿ ಪ್ರವಾತ ಮಂಡಲರ ತಂಡವು ಈ ವಿಧಾನದಿಂದ, ಆಲ್ಜೈಮರ್ ಮರೆವಿನ ರೋಗಿಗಳಲ್ಲಿ ನೆನಪಿನ ನೆಲೆಯಾದ ಹಿಪೊಕ್ಯಾಂಪಸ್ ಭಾಗದ ಗ್ಲುಟಾಥಯೋನ್ ಕುಗ್ಗಿರುವುದನ್ನು ೨೦೧೫ರಲ್ಲಿ ವರದಿಮಾಡಿತು. ೧೯೮೯ರಲ್ಲಿ ಇಲಿಯ ಮಿದುಳನ್ನು ಅರೆದು ಅಳೆದ ವಸ್ತುವನ್ನು, ಕಾಲು ಶತಮಾನದ ಮೇಲೆ, ಬದುಕಿ ಉಸಿರಾಡುತ್ತಿರುವ ರೋಗಿಯಲ್ಲಿ ಒಂದು ಹನಿ ರಕ್ತ ಚೆಲ್ಲದೆ ಅಳೆಯುವಂತಾಯಿತು. ಸಂಸ್ಥೆಯನ್ನು ಕಟ್ಟಿದವರು ಒಬ್ಬರು, ಅಲ್ಲಿ ಚಿತ್ರ ಹಿಡಿದವರು ಮತ್ತೊಬ್ಬರು. ವಿದ್ಯೆಯ ವಂಶ ಬೆಳೆಯುವುದು ಹೀಗೆ.

ಇನ್ನೊಂದು ಬಗೆಯ ಚಿತ್ರವಿದೆ. ಅದನ್ನು ಪೆಟ್ ಎನ್ನುವರು. ವಿಕಿರಣ ಸೂಸುವ ಫ್ಲೋರಿನ್-೧೮ ಎಂಬ ಧಾತುವನ್ನು ಸಕ್ಕರೆಗೋ ಡೋಪಮೀನಿನ ಮೂಲದ್ರವ್ಯಕ್ಕೋ ಅಂಟಿಸಿ ನರಕ್ಕೆ ಚುಚ್ಚಿದರೆ, ಮಿದುಳಿನಲ್ಲಿ ಅದು ಎಲ್ಲಿ ಎಷ್ಟು ಬಳಕೆಯಾಯಿತೆಂಬುದು ಬೆಳಗಿ ಕಾಣುತ್ತದೆ. ವಿಚಿತ್ರವೇನೆಂದರೆ ಈ ಧಾತು ೧೧೦ ನಿಮಿಷಕ್ಕೆ ಅರ್ಧ ಕ್ಷಯಿಸುತ್ತದೆ. ಬೆಂಗಳೂರಿನಲ್ಲಿ ಅದನ್ನು ತಯಾರಿಸಿ ಮೋಟಾರಿನಲ್ಲಿಟ್ಟು ಲಿಂಗಸುಗೂರಿಗೆ ಕಳುಹಿಸಿದರೆ, ಎಂಟು ತಾಸಿನ ಪ್ರಯಾಣ ಮುಗಿಯುವಾಗ ಇಪ್ಪತ್ತರಲ್ಲೊಂದು ಪಾಲು ಕೂಡ ಉಳಿದಿರುವುದಿಲ್ಲ. ಮದ್ದು ನಮ್ಮಲ್ಲಿಗೆ ಬರಲಾರದು, ಆದುದರಿಂದ ರೋಗಿಯೇ ಅಲ್ಲಿಗೆ ಹೋಗಬೇಕು: ಸುಮಾರು ನಾನೂರು ಕಿಲೋಮೀಟರು, ಜೊತೆಗೆ ಕೂಲಿ ಬಿಟ್ಟುಬರುವ ಇಬ್ಬರು, ದಾರಿಯುದ್ದಕ್ಕೂ ತಾನೆಲ್ಲಿಗೆ ಹೋಗುತ್ತಿರುವೆನೆಂದು ಮತ್ತೆ ಮತ್ತೆ ಕೇಳುವ ಮುದುಕಿ. ಮಹಾನಗರದ ಯಂತ್ರವನ್ನು ಹೊಗಳುವವರು ಈ ಪ್ರಯಾಣವನ್ನೂ ಲೆಕ್ಕಕ್ಕೆ ಹಿಡಿಯಲಿ.

ಪ್ರಾಸಂಗಿಕವಾಗಿ ಒಂದು ಎಚ್ಚರಿಕೆ. ೨೦೧೨ರಲ್ಲಿ ವಿಜಯಲಕ್ಷ್ಮಿಯವರ ತಂಡವು ಅಶ್ವಗಂಧದ ಬೇರಿನ ಸಾರವನ್ನು ಆಲ್ಜೈಮರ್ ರೋಗದ ಲಕ್ಷಣವುಳ್ಳ ಇಲಿಗಳಿಗೆ ತಿಂಗಳ ಕಾಲ ಕೊಟ್ಟು, ಮಿದುಳಿನಲ್ಲಿ ಜಮೆಯಾಗಿದ್ದ ದುಷ್ಟ ಪ್ರೊಟೀನು ಕರಗಿತೆಂದೂ, ಇಲಿಗಳ ಕಲಿಕೆ ಸುಧಾರಿಸಿತೆಂದೂ ಪ್ರಕಟಿಸಿತು. ಬೆರಗಿನ ಸಂಗತಿಯೆಂದರೆ ಆ ಸಾರವು ಕೆಲಸ ಮಾಡಿದುದು ಮಿದುಳಿನಲ್ಲಲ್ಲ, ಯಕೃತ್ತಿನಲ್ಲಿ. ಅಲ್ಲಿ ಹೆಚ್ಚಿದ ಒಂದು ಗ್ರಾಹಕ ಪ್ರೊಟೀನು ರಕ್ತಕ್ಕಿಳಿದು ಮಿದುಳಿನ ಕಸವನ್ನು ಹೊರಕ್ಕೆಳೆಯಿತು. ಶೋಧನೆ ಸುಂದರವಾದುದು. ಆದರೆ ಇಲಿ ಇಲಿಯೇ. ಅಶ್ವಗಂಧದ ಹೆಸರು ಬರೆದ ಡಬ್ಬಿಗಳನ್ನು ಸಂತೆಯಲ್ಲಿಟ್ಟು ಮರೆವಿಗೆ ರಾಮಬಾಣವೆಂದು ಕೂಗುವವರಿಗೆ ಈ ಪ್ರಯೋಗವು ಯಾವ ಪ್ರಮಾಣಪತ್ರವನ್ನೂ ಕೊಡುವುದಿಲ್ಲ. ನಮ್ಮ ಮೂಲಿಕೆಗಳ ಮೇಲಿನ ಅಭಿಮಾನ ನಮ್ಮ ಜೇಬು ಕತ್ತರಿಸುವವರಿಗೆ ಆಯುಧವಾಗಬಾರದು.

೨೦೦೯ರಲ್ಲಿ ಅವರು ಬೆಂಗಳೂರಿಗೆ ಮರಳಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನರವಿಜ್ಞಾನ ಕೇಂದ್ರವನ್ನು ಕಟ್ಟಿದರು. ಅನಂತರ ಕ್ರಿಸ್ ಗೋಪಾಲಕೃಷ್ಣನ್ ದಂಪತಿಗಳ ಪ್ರತೀಕ್ಷಾ ಟ್ರಸ್ಟ್ ವಾಗ್ದಾನಮಾಡಿದ ೨೨೫ ಕೋಟಿ ರೂಪಾಯಿಗಳಿಂದ ಅದೇ ಆವರಣದಲ್ಲಿ ಮಿದುಳು ಸಂಶೋಧನ ಕೇಂದ್ರವು ತಲೆಯೆತ್ತಿತು. ಅದಕ್ಕೂ ಅವರೇ ಸ್ಥಾಪಕ ನಿರ್ದೇಶಕರಾದರು. ಆ ಕೇಂದ್ರದಿಂದ ೨೦೧೮ರಲ್ಲಿ ಹೊರಟ ಯೋಜನೆಯೇ ನಮ್ಮ ಲೇಖನದ ಮುಖ್ಯ ವಿಷಯ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕು ಮಾವಿನ ಹಣ್ಣಿಗೆ ಹೆಸರಾದುದು. ಅಲ್ಲಿಯ ಹಳ್ಳಿಗಳಲ್ಲಿ ನಲವತ್ತೈದು ವರ್ಷ ಮೀರಿದ, ಇನ್ನೂ ಮರೆವಿನ ರೋಗವಿಲ್ಲದ ಹತ್ತು ಸಾವಿರ ಜನರನ್ನು ಆರಿಸಿಕೊಂಡು, ವರ್ಷ ವರ್ಷಗಳ ಕಾಲ ಅವರ ಹಿಂದೆಯೇ ನಡೆದು ನೋಡುವುದು ಈ ಯೋಜನೆಯ ಸಂಕಲ್ಪ. ರೋಗ ಬಂದ ಮೇಲೆ ರೋಗಿಯನ್ನು ನೋಡುವುದು ಆಸ್ಪತ್ರೆಯ ರೀತಿ. ರೋಗ ಬರುವುದಕ್ಕೆ ಹತ್ತು ಹದಿನೈದು ವರ್ಷ ಮೊದಲೇ ಮನುಷ್ಯನನ್ನು ನೋಡಿಟ್ಟುಕೊಂಡು, ಯಾರಿಗೆ ಬಂದಿತು, ಯಾರಿಗೆ ಬರಲಿಲ್ಲ, ಇಬ್ಬರಿಗೂ ಭೇದವೇನಿದ್ದಿತು ಎಂದು ಹಿಂದಿರುಗಿ ಓದುವುದು ಈ ರೀತಿ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಜನರನ್ನು ಒಪ್ಪಿಸುವರು. ರಕ್ತದೊತ್ತಡ, ಸಕ್ಕರೆ, ರಕ್ತದ ರಸಾಯನ, ವಂಶವಾಹಿಗಳ ಪರೀಕ್ಷೆ, ನೆನಪು-ಗಮನ-ಭಾಷೆಗಳ ಪರೀಕ್ಷೆ ನಡೆಯುತ್ತದೆ. ಬೆಂಗಳೂರಿಗೆ ಕರೆತಂದು ಮಿದುಳಿನ ಕಾಂತಚಿತ್ರವನ್ನೂ ಹಿಡಿಯಲಾಗುತ್ತದೆ. ನಿಯತಕಾಲದ ಮೇಲೆ ಮತ್ತೆ ಅದೇ ಪರೀಕ್ಷೆ.

ನೆನಪಿನ ಪರೀಕ್ಷೆಯ ವಿಷಯದಲ್ಲಿ ನಿಂತು ವಿಚಾರಿಸಬೇಕು. ಪಶ್ಚಿಮದ ಆಸ್ಪತ್ರೆಗಳಲ್ಲಿ ರೂಢವಾದ ಪರೀಕ್ಷೆಯು ನೂರರಿಂದ ಏಳೇಳನ್ನು ಕಳೆಯುತ್ತ ಹೋಗೆನ್ನುತ್ತದೆ, ಒಂದು ವಾಕ್ಯ ಬರೆಯೆನ್ನುತ್ತದೆ, ಒಂದಕ್ಕೊಂದು ಹೆಣೆದ ಎರಡು ಪಂಚಕೋನಗಳನ್ನು ನೋಡಿ ಬಿಡಿಸೆನ್ನುತ್ತದೆ. ಜನ್ಮದಲ್ಲಿ ಸೀಸದಕಡ್ಡಿ ಹಿಡಿಯದ, ಆದರೆ ಇಡೀ ಊರಿನ ಬೀಗತನಗಳನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡ ಅಜ್ಜಿಯು ಈ ಪರೀಕ್ಷೆಯಲ್ಲಿ ನಪಾಸಾಗುವಳು. ಅವಳು ರೋಗಿಯೇ? ಹರಿಯಾಣದ ಬಲ್ಲಭಗಢದಲ್ಲಿ ೧೯೯೫ರ ಸುಮಾರಿಗೆ ನಿರಕ್ಷರರಿಗಾಗಿ ಹಿಂದಿಯಲ್ಲಿ ಬೇರೆ ಪರೀಕ್ಷೆಯನ್ನೇ ರಚಿಸಬೇಕಾಯಿತು. ಶ್ರೀನಿವಾಸಪುರದಲ್ಲಿಯೂ ಸ್ಥಳೀಯ ಜನಕ್ಕೆ ಒಗ್ಗುವಂತೆ ಪರೀಕ್ಷೆಗಳನ್ನು ಹೊಂದಿಸಿಕೊಂಡರು. ಕನ್ನಡವು ವಿಜ್ಞಾನದ ಭಾಷೆಯಾಗಲಾರದೆನ್ನುವವರು ಇದನ್ನು ಗಮನಿಸಬೇಕು. ಇಲ್ಲಿ ಜನರ ಮಾತನ್ನು ಬಿಟ್ಟರೆ ವಿಜ್ಞಾನವೇ ತಪ್ಪು ಲೆಕ್ಕ ಬರೆಯುತ್ತದೆ.

ಇನ್ನು ನಮ್ಮ ಮೂರು ತಾಲ್ಲೂಕುಗಳು. ೧೯೧೫ರಲ್ಲಿ ನಿಜಾಮರ ರಾಜ್ಯದಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರನಿಗೆ ಮಸ್ಕಿಯ ಬಂಡೆಯ ಮೇಲೆ ಅಕ್ಷರಗಳು ಕಂಡವು. ಅಲ್ಲಿಯವರೆಗೆ ದೇಶದ ಶಾಸನಗಳಲ್ಲೆಲ್ಲ ದೇವಾನಾಂಪ್ರಿಯನೆಂಬ ಬಿರುದು ಮಾತ್ರ ದೊರೆತಿದ್ದಿತು. ಮಸ್ಕಿಯ ಬಂಡೆ ಅಶೋಕನೆಂಬ ಹೆಸರನ್ನೇ ಕೊಟ್ಟಿತು. ಬಿರುದು ಯಾರದೆಂಬ ಊಹೆ ಅಂದಿಗೆ ನಿಶ್ಚಯವಾಯಿತು. ನಮ್ಮ ಮುದುಕರ ಮರೆವಿಗೂ ಇಂದಿನವರೆಗೆ ಅರಳುಮರಳೆಂಬ ಬಿರುದೊಂದೇ ಇದೆ. ಅದರ ಕೆಳಗೆ ಆಲ್ಜೈಮರ್ ರೋಗವಿರಬಹುದು. ಸಣ್ಣ ಸಣ್ಣ ರಕ್ತನಾಳಗಳು ಕಟ್ಟಿಕೊಂಡುದರ ಫಲವಿರಬಹುದು. ಥೈರಾಯ್ಡ್ ಗ್ರಂಥಿಯ ಕೊರತೆ, ಬಿ-೧೨ ಜೀವಸತ್ವದ ಕೊರತೆ, ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ ಇರಬಹುದು. ಈ ಕೊನೆಯ ಮೂರು ಸಕಾಲದಲ್ಲಿ ಕಂಡರೆ ಗುಣವಾಗಬಲ್ಲವು. ಗುಣವಾಗಬಲ್ಲ ರೋಗಿಯನ್ನು ಗಾದೆಯೊಂದರ ಬಲದಿಂದ ಮೂಲೆಗೆ ತಳ್ಳಿದ ಮನೆಗಳು ಎಷ್ಟಿರಬಹುದೆಂದು ನೆನೆದರೆ ಮನಸ್ಸು ಕುಗ್ಗುತ್ತದೆ.

ಶ್ರೀನಿವಾಸಪುರದ ಗಣನೆ ನಮಗೂ ಸಾಲದೇ ಎಂದು ಕೆಲವರು ಕೇಳಬಹುದು. ಸಾಲದು. ೨೦೧೧ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ನೂರಕ್ಕೆ ೬೦ನ್ನೂ ಮುಟ್ಟಲಿಲ್ಲ, ಹೆಂಗಸರದು ೫೦ನ್ನೂ ಮುಟ್ಟಲಿಲ್ಲ. ರಾಜ್ಯದ ಸರಾಸರಿ ೭೫ರ ಮೇಲಿದ್ದಿತು. ಲ್ಯಾನ್ಸೆಟ್ ಪತ್ರಿಕೆಯ ಆಯೋಗವು ೨೦೨೪ರಲ್ಲಿ ಮರೆವಿನ ರೋಗದ ೧೪ ನಿವಾರ್ಯ ಕಾರಣಗಳನ್ನು ಗುರುತಿಸಿ, ಅವುಗಳನ್ನು ನೀಗಿದರೆ ನೂರಕ್ಕೆ ೪೫ರಷ್ಟು ರೋಗವನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದೆಂದು ಲೆಕ್ಕ ಹಾಕಿತು. ಬಾಲ್ಯದಲ್ಲಿ ವಿದ್ಯೆ ದೊರೆಯದಿರುವುದು ಆ ಕಾರಣಗಳಲ್ಲೊಂದು. ಕಿವುಡು, ಮದ್ದಿಲ್ಲದ ದೃಷ್ಟಿದೋಷ, ರಕ್ತದೊತ್ತಡ, ಸಿಹಿಮೂತ್ರ, ಹೊಗೆ ತುಂಬಿದ ಗಾಳಿ ಇವೂ ಆ ಪಟ್ಟಿಯಲ್ಲಿವೆ. ಕಣ್ಣಿನ ಪೊರೆ ತೆಗೆಸುವುದೂ ಮಿದುಳಿನ ರಕ್ಷಣೆಯೇ ಎಂಬುದು ನಮ್ಮ ಹಳ್ಳಿಗಳಿಗೆ ತಿಳಿಯಬೇಕಾದ ಹೊಸ ಮಾತು.

ಎರಡನೆಯದು, ನಮ್ಮ ನೆಲದ ವೈಶಿಷ್ಟ್ಯ. ೧೯೫೩ರಲ್ಲಿ ತುಂಗಭದ್ರೆಯ ನೀರು ಎಡದಂಡೆಗೆ ಹರಿದ ಮೇಲೆ ಸಿಂಧನೂರು ಭತ್ತದ ಕಣಜವಾಯಿತು. ಕಣಜದ ಜೊತೆಗೆ ಬೆನ್ನಿಗೆ ಕಟ್ಟುವ ಸಿಂಪಡಣೆಯ ಡಬ್ಬಿಯೂ ಬಂದಿತು. ಕ್ಯಾಲಿಫೋರ್ನಿಯದಲ್ಲಿ ಕಳ್ಳ ಮಾದಕದ್ರವ್ಯದೊಡನೆ ಎಂ.ಪಿ.ಟಿ.ಪಿ. ಎಂಬ ವಿಷವನ್ನು ಚುಚ್ಚಿಕೊಂಡ ತರುಣರು ಕೆಲವೇ ದಿನಗಳಲ್ಲಿ ಮುದುಕರಂತೆ ಕಂಪವಾತಕ್ಕೆ ಒಳಗಾದ ವಾರ್ತೆ ೧೯೮೩ರಲ್ಲಿ ಪ್ರಕಟವಾದಾಗ ವೈದ್ಯಲೋಕ ಬೆಚ್ಚಿತು. ಆ ವಿಷವು ಮಿದುಳಿನಲ್ಲಿ ಮಾರ್ಪಟ್ಟು ತಾಳುವ ರೂಪವು ಕಳೆನಾಶಕವಾದ ಪ್ಯಾರಾಕ್ವಾಟನ್ನು ಬಹಳವಾಗಿ ಹೋಲುತ್ತದೆ. ಯೂರೋಪಿನ ಒಕ್ಕೂಟವು ೨೦೦೭ರಲ್ಲಿ ಪ್ಯಾರಾಕ್ವಾಟನ್ನು ನಿಷೇಧಿಸಿತು. ಎಂ.ಪಿ.ಟಿ.ಪಿ.ಯು ಕೆಡಿಸುವುದು ಮೈಟೊಕಾಂಡ್ರಿಯದ ಅದೇ ಮೊದಲ ಘಟ್ಟವನ್ನು. ಅದರಿಂದ ಕಾಯುವುದರಲ್ಲಿ ಗ್ಲುಟಾರೆಡಾಕ್ಸಿನ್ನಿನ ಪಾತ್ರವನ್ನು ವಿಜಯಲಕ್ಷ್ಮಿಯವರು ೨೦೦೩ರಲ್ಲಿ ತೋರಿಸಿದ್ದರು. ಇದರಿಂದ ಸಿಂಧನೂರಿನ ಪ್ರತಿಯೊಬ್ಬ ಸಿಂಪಡಣೆಗಾರನೂ ರೋಗಿಯಾಗುವನೆಂದು ಹೇಳುವುದು ಅವಿವೇಕ. ಮೂವತ್ತು ವರ್ಷ ಬರಿಮೈಯಲ್ಲಿ ವಿಷ ಸಿಂಪಡಿಸಿದ ಕೂಲಿಕಾರನ ಮಿದುಳನ್ನೂ ಸಿಂಪಡಿಸದವನ ಮಿದುಳನ್ನೂ ಹೋಲಿಸಿ ನೋಡದಿರುವುದು ಮಾತ್ರ ಅದಕ್ಕಿಂತ ದೊಡ್ಡ ಅವಿವೇಕ. ಹಾಗೆಯೇ ಹಟ್ಟಿಯ ಚಿನ್ನದ ಶಿಲೆಗಳು ಹಬ್ಬಿರುವ ರಾಯಚೂರು-ಯಾದಗಿರಿ ಭಾಗದ ಕೆಲವು ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಪಾಷಾಣದ ಅಂಶ ದೊರೆತಿರುವುದೂ ಲೆಕ್ಕಕ್ಕೆ ಬರಬೇಕು.

ಮೂರನೆಯದು ಭಾಷೆ. ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿ, ಕಾಲುವೆಯ ಕ್ಯಾಂಪುಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಮುದಗಲ್ಲು ಲಿಂಗಸುಗೂರುಗಳ ಓಣಿಗಳಲ್ಲಿ ಉರ್ದು, ಎಲ್ಲದರ ನಡುವೆ ನಮ್ಮ ರಾಯಚೂರು ಸೀಮೆಯ ಕನ್ನಡ. ಕೋಲಾರದಲ್ಲಿ ರಚಿತವಾದ ಪ್ರಶ್ನೆ ಇಲ್ಲಿ ಹಾಗೆಯೇ ನಡೆಯಲಾರದು.

೨೦೨೨ರಲ್ಲಿ ರಾಜ್ಯ ಸರಕಾರವೂ ನಿಮ್ಹಾನ್ಸ್ ಸಂಸ್ಥೆಯೂ ಸೇರಿ ಕರ್ನಾಟಕ ಮಿದುಳು ಆರೋಗ್ಯ ಯೋಜನೆಯನ್ನು ಆರಂಭಿಸಿದವು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತಲೆನೋವು, ಪಾರ್ಶ್ವವಾಯು, ಮೂರ್ಛೆರೋಗ, ಮರೆವಿನ ರೋಗಗಳನ್ನು ಗುರುತಿಸುವ ತರಬೇತಿ ಕೊಡುವುದು ಅದರ ಮುಖ್ಯಾಂಗ. ಆರಂಭಕ್ಕೆ ಆರಿಸಿದ್ದು ಬೆಂಗಳೂರಿನ ಒಂದು ಭಾಗ, ಕೋಲಾರ, ಚಿಕ್ಕಬಳ್ಳಾಪುರ. ಜಿಲ್ಲಾ ಆಸ್ಪತ್ರೆಗಳಿಗೆ ಅದು ಹಬ್ಬಿದುದು ಅನಂತರ. ರಾಜಧಾನಿಯ ನೆರಳಿನಲ್ಲಿರುವ ಜಿಲ್ಲೆಗಳಲ್ಲಿ ಮೊದಲು, ದೂರದ ಜಿಲ್ಲೆಗಳಲ್ಲಿ ಆಮೇಲೆ ಎಂಬ ಕ್ರಮವನ್ನು ಈ ಸೀಮೆಯ ಜನ ಹೈದರಾಬಾದಿನ ಕಾಲದಿಂದಲೂ ಕಂಡಿದ್ದಾರೆ. ಶೋಧಕರಿಗೆ ಪ್ರಯಾಣದ ಅನುಕೂಲ ಬೇಕೆಂಬುದನ್ನು ಒಪ್ಪುತ್ತೇವೆ. ಶ್ರೀನಿವಾಸಪುರವು ಬೆಂಗಳೂರಿನಿಂದ ನೂರು ಕಿಲೋಮೀಟರಿನೊಳಗಿದೆ. ಆದರೆ ಸಂವಿಧಾನದ ೩೭೧-ಜೆ ವಿಧಿ ೨೦೧೨ರ ತಿದ್ದುಪಡಿಯಿಂದ ಬಂದುದೇ ದೂರದ ಈ ಸೀಮೆಯ ಹಿಂದುಳಿತನವನ್ನು ನೀಗಲೆಂದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಿಂದ ಕಟ್ಟಡಗಳೂ ರಸ್ತೆಗಳೂ ಆಗಲಿ. ಅದರೊಳಗಿನ ಒಂದು ಅಲ್ಪಭಾಗದಿಂದ ರಾಯಚೂರಿನ ವೈದ್ಯಕೀಯ ಕಾಲೇಜೂ ಬೆಂಗಳೂರಿನ ಮಿದುಳು ಸಂಶೋಧನ ಕೇಂದ್ರವೂ ಕೂಡಿ ಇಲ್ಲೊಂದು ದೀರ್ಘಕಾಲದ ಗಣನೆಯನ್ನು ಆರಂಭಿಸಬಹುದು.

ಹತ್ತು ಸಾವಿರ ಜನರೇ ಬೇಕೆಂದಿಲ್ಲ. ಕಾಲುವೆಯ ನೀರುಂಡ ತುರ್ವಿಹಾಳದ ಸುತ್ತಲಿನ ಹಳ್ಳಿಗಳು, ಗಣಿಯ ಮಗ್ಗುಲಿನ ಹಟ್ಟಿ, ಮಳೆಯನ್ನೇ ನಂಬಿದ ಮಸ್ಕಿಯ ಒಣಭೂಮಿ, ಈ ಮೂರು ಬಗೆಯ ನೆಲದಿಂದ ಕೆಲವು ಸಾವಿರ ಜನರನ್ನು ಆರಿಸಿದರೆ ಶ್ರೀನಿವಾಸಪುರ ಕೊಡಲಾರದ ಹೋಲಿಕೆ ದೊರೆಯುತ್ತದೆ. ಮೊದಲ ವರ್ಷಕ್ಕೆ ಕಾಂತಯಂತ್ರವೂ ಬೇಡ: ರಕ್ತದೊತ್ತಡದ ಪಟ್ಟಿ, ಸಕ್ಕರೆಯ ಪರೀಕ್ಷೆ, ಕಿವಿ-ಕಣ್ಣುಗಳ ತಪಾಸಣೆ, ಬಿ-೧೨ ಮತ್ತು ಥೈರಾಯ್ಡ್ ಪರೀಕ್ಷೆಗೆ ಒಂದು ಸೀಸೆ ರಕ್ತ, ಐದು ಭಾಷೆಗಳಲ್ಲಿ ಹೊಂದಿಸಿದ ನೆನಪಿನ ಪ್ರಶ್ನೆಗಳು, ಯಾವ ವಿಷವನ್ನು ಎಷ್ಟು ವರ್ಷ ಸಿಂಪಡಿಸಿದರೆಂಬ ವಿವರ. ಇವಿಷ್ಟಕ್ಕೆ ತಾಲ್ಲೂಕು ಆಸ್ಪತ್ರೆಯೂ ಆಶಾ ಕಾರ್ಯಕರ್ತೆಯರೂ ಸಾಕು. ಅವರ ದುಡಿಮೆಗೆ ತಕ್ಕ ಸಂಬಳ ಕೊಡಬೇಕೆಂಬುದನ್ನು ಮಾತ್ರ ಯೋಜನೆ ಬರೆಯುವವರು ಮೊದಲ ಪುಟದಲ್ಲಿಯೇ ಬರೆಯಲಿ. ಸಂಶಯ ಬಂದವರನ್ನಷ್ಟೇ ಚಿತ್ರಕ್ಕಾಗಿ ರಾಯಚೂರಿಗೆ ಕರೆದೊಯ್ದರಾಯಿತು, ತೊಂಬತ್ತು ಕಿಲೋಮೀಟರಿನ ಆ ದಾರಿಯ ಬಾಡಿಗೆಯನ್ನು ರೋಗಿಯ ಮನೆಯವರಿಂದ ಕೇಳದೆ.